ಯಜಮಾನನಿಗೂ ತೆರೆಯದ ಫೋಲ್ಡರುಗಳು

ಮನೆಯ ಬಳಕೆಗೆಂದು ಕೊಂಡು ಒಬ್ಬರೇ ಬಳಸುವ ವಿಂಡೋಸ್ ಕಂಪ್ಯೂಟರಿನಲ್ಲಿಯೂ ಕೆಲವು ಫೋಲ್ಡರುಗಳು ಆ ಬಳಕೆದಾರರಿಗೆ ತೆರೆದುಕೊಳ್ಳುವುದಿಲ್ಲ; ತೆರೆದುಕೊಂಡರೂ ಅವುಗಳೊಳಗಿನ ಒಂದು ಫೈಲನ್ನು ಅಳಿಸಲು ಅಥವಾ ತಿದ್ದಲು ಹೊರಟ ಕೂಡಲೇ ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶವೋ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಅಪರಿಚಿತ ಹೆಸರಿನವರ ಒಪ್ಪಿಗೆ ಬೇಕೆಂಬ ಸೂಚನೆಯೋ ಪರದೆಯ ಮೇಲೆ ಮೂಡುತ್ತದೆ. ದುಡ್ಡು ಕೊಟ್ಟು ತಂದ ಯಂತ್ರವೇ ಯಜಮಾನನ ಮಾತು ಕೇಳದೆ ಹೋದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿಯೇ ಬಹಳ ಮಂದಿ ಫೋಲ್ಡರಿನ ಭದ್ರತಾ ಅನುಮತಿಗಳನ್ನು, ಎಂದರೆ ಯಾರು ಅದನ್ನು ಓದಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬ ವಿವರಗಳನ್ನು, ಬದಲಿಸಿಬಿಡುತ್ತಾರೆ. ಬದಲಿಸುವುದು ಕಷ್ಟವೇನಲ್ಲ, ಎರಡು ಸಾಲಿನ ಆದೇಶ ಸಾಕು. ಬದಲಿಸಿದ್ದನ್ನು ಮೊದಲಿದ್ದಂತೆ ಮಾಡುವುದು ಮಾತ್ರ ಬಹುಪಾಲು ಸಂದರ್ಭಗಳಲ್ಲಿ ಅಸಾಧ್ಯದ ಅಂಚಿನಲ್ಲಿರುವ ಕೆಲಸ. ಹೀಗೇಕೆ ಎಂಬುದನ್ನು ಅರಿಯಲು ಈ ಅನುಮತಿಗಳು ಎಲ್ಲಿ, ಯಾವ ರೂಪದಲ್ಲಿ, ಯಾರಿಂದ ಬರೆಯಲ್ಪಟ್ಟಿರುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಮನೆಗಳಿಗೆ ಮೊದಲು ಬಂದ ಕಂಪ್ಯೂಟರುಗಳಿಗೆ ಈ ಕಟ್ಟುಪಾಡು ಇರಲಿಲ್ಲ. ಎಂಎಸ್ ಡಾಸ್ ಮತ್ತು ಅದರ ಬೆನ್ನಿಗೆ ಬಂದ ವಿಂಡೋಸ್ 95, ವಿಂಡೋಸ್ 98 ವ್ಯವಸ್ಥೆಗಳು ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡಲು ಫ್ಯಾಟ್ ಎಂಬ ಸರಳ ಕ್ರಮವನ್ನು ಬಳಸುತ್ತಿದ್ದವು. ಆ ಕ್ರಮದಲ್ಲಿ ಒಂದು ಫೈಲು ಓದಲಷ್ಟೇ ಇರುವಂಥದ್ದು ಅಥವಾ ಮರೆಮಾಡಿರುವಂಥದ್ದು ಎಂದು ಗುರುತು ಹಾಕಲು ಅವಕಾಶವಿತ್ತೇ ಹೊರತು ಅದು ಯಾರದ್ದು ಎಂದು ಬರೆದಿಡಲು ಜಾಗವೇ ಇರಲಿಲ್ಲ. ಹಲವರು ಹಂಚಿಕೊಂಡು ಬಳಸುವ ದೊಡ್ಡ ಯಂತ್ರಗಳ ಲೋಕದಲ್ಲಿ ಮಾತ್ರ ಈ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. 1960ರ ದಶಕದಲ್ಲಿ ಎಂಐಟಿಯಲ್ಲಿ ರೂಪುಗೊಂಡ ಮಲ್ಟಿಕ್ಸ್ ವ್ಯವಸ್ಥೆಯಲ್ಲಿಯೇ ಪ್ರತಿ ಫೈಲಿಗೂ ಅದನ್ನು ಬಳಸಬಲ್ಲವರ ಪಟ್ಟಿಯೊಂದನ್ನು ಅಂಟಿಸುವ ಪದ್ಧತಿಯಿತ್ತು. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಬ್ಬ ಬಳಕೆದಾರನೂ ತನ್ನ ಕೆಲಸಕ್ಕೆ ತೀರಾ ಅಗತ್ಯವಾದಷ್ಟೇ ಅಧಿಕಾರದಲ್ಲಿ ನಡೆಯಬೇಕೆಂಬ ತತ್ತ್ವವನ್ನು ಸ್ಪಷ್ಟವಾಗಿ ನಿರೂಪಿಸಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯಲ್ಲಿ ವಿಎಂಎಸ್ ವ್ಯವಸ್ಥೆಯನ್ನು ಕಟ್ಟಿದ್ದ ಡೇವ್ ಕಟ್ಲರ್ ಅವರ ನೇತೃತ್ವದ ತಂಡ ಮೈಕ್ರೋಸಾಫ್ಟಿಗಾಗಿ ರೂಪಿಸಿ 1993ರಲ್ಲಿ ಹೊರತಂದ ವಿಂಡೋಸ್ ಎನ್‌ಟಿ ಈ ಪರಂಪರೆಯ ಮುಂದುವರಿಕೆ. ಅದರ ಜೊತೆಗೆ ಬಂದ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯೇ ಇಂದಿಗೂ ಮನೆಮನೆಯ ವಿಂಡೋಸ್ ಕಂಪ್ಯೂಟರಿನ ಡಿಸ್ಕಿನಲ್ಲಿರುವುದು.

ಈ ಎನ್‌ಟಿ ಬುನಾದಿ ಮನೆಗಳಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಬುನಾದಿ ಬಂದರೂ ಶಿಸ್ತು ಬರಲಿಲ್ಲ, ಏಕೆಂದರೆ ಎಕ್ಸ್‌ಪಿಯಲ್ಲಿ ಸಾಮಾನ್ಯವಾಗಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ, ಎಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವುಳ್ಳ ಖಾತೆಯಲ್ಲಿಯೇ, ದಿನನಿತ್ಯದ ಕೆಲಸವನ್ನೆಲ್ಲ ಮಾಡುತ್ತಿದ್ದರು; ಮನೆಬಳಕೆಯ ಆವೃತ್ತಿಯಲ್ಲಂತೂ ಅನುಮತಿಗಳನ್ನು ತೋರಿಸುವ ಸೆಕ್ಯೂರಿಟಿ ಪುಟವೇ ಸೇಫ್ ಮೋಡಿಗೆ ಹೋದ ಹೊರತು ಕಾಣಿಸುತ್ತಿರಲಿಲ್ಲ. ಅಡ್ಮಿನಿಸ್ಟ್ರೇಟರ್ ತೆರೆದ ಪ್ರೋಗ್ರಾಮಿಗೂ ಅಡ್ಮಿನಿಸ್ಟ್ರೇಟರನ ಅಧಿಕಾರವೇ ಸಿಗುವುದರಿಂದ, ಇ-ಮೇಲಿನಲ್ಲಿ ಬಂದ ಒಂದು ದುಷ್ಟ ಫೈಲನ್ನು ತಿಳಿಯದೆ ಒತ್ತಿದರೂ ಅದು ವ್ಯವಸ್ಥೆಯ ಒಡಲೊಳಗೆ ಎಲ್ಲಿ ಬೇಕಾದರೂ ಬರೆಯಬಹುದಾಗಿತ್ತು.

ಅನುಮತಿಗಳ ಒಳರಚನೆಯನ್ನು ಇಲ್ಲಿ ಗಮನಿಸುವುದು ಉಚಿತ. ವಿಂಡೋಸ್ ಯಾರನ್ನೂ ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿ ಬಳಕೆದಾರನಿಗೂ, ಪ್ರತಿ ಗುಂಪಿಗೂ, ಕೆಲವು ಒಳಗಿನ ಸೇವೆಗಳಿಗೂ ಎಸ್‌ಐಡಿ ಎಂಬ ಉದ್ದನೆಯ ಗುರುತಿನ ಸಂಖ್ಯೆಯಿರುತ್ತದೆ. ಎಸ್-1-5-18 ಎಂದರೆ ವ್ಯವಸ್ಥೆಯೇ, ಎಸ್-1-5-32-544 ಎಂದರೆ ಅಡ್ಮಿನಿಸ್ಟ್ರೇಟರುಗಳ ಗುಂಪು, ಎಸ್-1-1-0 ಎಂದರೆ ಎವ್ರಿಒನ್ ಅಥವಾ ಎಲ್ಲರೂ. ಬಳಕೆದಾರ ಲಾಗಿನ್ ಆದ ಕೂಡಲೇ ಅವನ ಮತ್ತು ಅವನು ಸೇರಿರುವ ಗುಂಪುಗಳ ಸಂಖ್ಯೆಗಳನ್ನೆಲ್ಲ ಹೊತ್ತ ಟೋಕನ್ ಎಂಬ ಗುರುತುಪತ್ರವೊಂದು ತಯಾರಾಗಿ, ಅವನು ತೆರೆಯುವ ಪ್ರತಿ ಪ್ರೋಗ್ರಾಮಿಗೂ ಅದರ ನಕಲು ದೊರೆಯುತ್ತದೆ. ಅತ್ತ ಪ್ರತಿ ಫೈಲಿಗೂ ಪ್ರತಿ ಫೋಲ್ಡರಿಗೂ ಸೆಕ್ಯೂರಿಟಿ ಡಿಸ್ಕ್ರಿಪ್ಟರ್ ಎಂಬ ದಾಖಲೆಯೊಂದು ಅಂಟಿಕೊಂಡಿದ್ದು, ಅದರಲ್ಲಿ ಮುಖ್ಯವಾಗಿ ಮಾಲೀಕ ಯಾರು ಎಂಬುದೂ ಯಾರಿಗೆ ಏನು ಮಾಡಲು ಅವಕಾಶವಿದೆ ಅಥವಾ ಇಲ್ಲ ಎಂಬ ಪಟ್ಟಿಯೂ ಇರುತ್ತವೆ. ಪಹಣಿಯಲ್ಲಿ ಜಮೀನಿನ ಮಾಲೀಕನ ಕಲಂ ಬೇರೆ, ಉಳುಮೆ ಮಾಡುವವನ ಕಲಂ ಬೇರೆ ಇರುವಂತೆ ಇಲ್ಲಿಯೂ ಮಾಲೀಕತ್ವ ಬೇರೆ, ಅನುಭೋಗ ಬೇರೆ: ಮಾಲೀಕನಾದವನಿಗೆ ಪಟ್ಟಿಯಲ್ಲಿ ಓದುವ ಹಕ್ಕೂ ಇಲ್ಲದಿರಬಹುದು, ಆದರೆ ಆ ಪಟ್ಟಿಯನ್ನು ತಿದ್ದುವ ಹಕ್ಕು ಅವನಿಗೆ ಸಾಮಾನ್ಯವಾಗಿ ಇರುತ್ತದೆ.

ಎಸಿಎಲ್ ಎಂದು ಕರೆಯುವ ಈ ಪಟ್ಟಿಯನ್ನು ವಿಂಡೋಸ್ ಮೇಲಿನಿಂದ ಕೆಳಗೆ ಓದುತ್ತಾ ಹೋಗಿ, ಕೇಳಿದ ಅಧಿಕಾರಗಳೆಲ್ಲ ದೊರೆತ ಕೂಡಲೇ ಅಥವಾ ಅವುಗಳಲ್ಲಿ ಒಂದನ್ನಾದರೂ ನಿರಾಕರಿಸುವ ಸಾಲು ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಆದ್ದರಿಂದ ಸಾಲುಗಳ ಕ್ರಮಕ್ಕೆ ಬೆಲೆಯಿದೆ: ಆ ಫೈಲಿಗೆಂದೇ ಬರೆದ ನಿರಾಕರಣೆಗಳು ಮೊದಲು, ಅದಕ್ಕೆಂದೇ ಬರೆದ ಅನುಮತಿಗಳು ನಂತರ, ಮೇಲಿನ ಫೋಲ್ಡರಿನಿಂದ ಪಿತ್ರಾರ್ಜಿತವಾಗಿ ಇಳಿದುಬಂದ ನಿರಾಕರಣೆ ಮತ್ತು ಅನುಮತಿಗಳು ಕೊನೆಗೆ ಬರುತ್ತವೆ. ಹೀಗೆ ಇಳಿದುಬರುವುದನ್ನು ಇನ್‌ಹೆರಿಟೆನ್ಸ್ ಎನ್ನುತ್ತಾರೆ. ಮನೆಯವರ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಹೊಸ ಫೈಲೊಂದನ್ನು ಸೃಷ್ಟಿಸಿದಾಗ ಯಾರೂ ಅನುಮತಿಗಳ ಯೋಚನೆ ಮಾಡಬೇಕಾಗಿಲ್ಲದಿರುವುದು ಇದರಿಂದಲೇ. ಪಟ್ಟಿ ಇದ್ದೂ ಖಾಲಿಯಾಗಿದ್ದರೆ ಯಾರಿಗೂ ಪ್ರವೇಶವಿಲ್ಲ, ಪಟ್ಟಿಯೇ ಇಲ್ಲದಿದ್ದರೆ ಎಲ್ಲರಿಗೂ ಎಲ್ಲಕ್ಕೂ ಪ್ರವೇಶವಿದೆ ಎಂಬ ವಿಚಿತ್ರವೂ ಈ ನಿಯಮಗಳಲ್ಲಿ ಅಡಗಿದೆ.

ಎಕ್ಸ್‌ಪಿಯ ಕಾಲದ ಕಹಿ ಅನುಭವಗಳಿಗೆ ಉತ್ತರವಾಗಿ 2007ರ ಆರಂಭದಲ್ಲಿ ಮನೆಬಳಕೆದಾರರನ್ನು ತಲುಪಿದ ವಿಂಡೋಸ್ ವಿಸ್ತಾ ಎರಡು ದೊಡ್ಡ ಬದಲಾವಣೆಗಳನ್ನು ತಂದಿತು, ಮತ್ತು ಇಂದಿನ ವಿಂಡೋಸ್ 11ರವರೆಗೂ ಅವೆರಡೂ ಉಳಿದುಕೊಂಡಿವೆ. ಮೊದಲನೆಯದು ಯುಎಸಿ ಅಥವಾ ಯೂಸರ್ ಅಕೌಂಟ್ ಕಂಟ್ರೋಲ್: ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಲಾಗಿನ್ ಆದವನಿಗೂ ಅಧಿಕಾರವನ್ನು ಸೋಸಿ ತೆಗೆದ ಸಾಮಾನ್ಯ ಗುರುತುಪತ್ರವೊಂದು, ಪೂರ್ಣಾಧಿಕಾರದ ಗುರುತುಪತ್ರ ಇನ್ನೊಂದು ಎಂದು ಎರಡು ಸಿದ್ಧವಾಗಿ, ದಿನನಿತ್ಯದ ಕೆಲಸಕ್ಕೆಲ್ಲ ಮೊದಲನೆಯದೇ ಬಳಕೆಯಾಗುತ್ತದೆ, ಪರದೆ ಮಬ್ಬಾಗಿ ಒಪ್ಪಿಗೆ ಕೇಳುವ ಚೌಕ ಬರುವುದು ಎರಡನೆಯದನ್ನು ಕೈಗೆ ತೆಗೆದುಕೊಳ್ಳುವ ಕ್ಷಣದಲ್ಲಿ. ಎರಡನೆಯದು ವಿಂಡೋಸ್ ರಿಸೋರ್ಸ್ ಪ್ರೊಟೆಕ್ಷನ್. ವಿಂಡೋಸ್ 2000 ಮತ್ತು ಎಕ್ಸ್‌ಪಿಗಳಲ್ಲಿ ಯಾರಾದರೂ ವ್ಯವಸ್ಥೆಯ ಫೈಲೊಂದನ್ನು ಬದಲಿಸಿದರೆ ಅದನ್ನು ಪತ್ತೆಹಚ್ಚಿ ಮೂಲ ಪ್ರತಿಯನ್ನು ಮರಳಿ ತಂದಿಡುವ ಏರ್ಪಾಡಿತ್ತು. ವಿಸ್ತಾದಲ್ಲಿ ಕೆಟ್ಟ ಮೇಲೆ ಸರಿಪಡಿಸುವುದರ ಬದಲು ಕೆಡದಂತೆಯೇ ತಡೆಯುವ ಉದ್ದೇಶದಿಂದ ಆ ಫೈಲುಗಳ ಮಾಲೀಕತ್ವವನ್ನು ಅಡ್ಮಿನಿಸ್ಟ್ರೇಟರುಗಳಿಂದ ತೆಗೆದು ಟ್ರಸ್ಟೆಡ್‌ಇನ್‌ಸ್ಟಾಲರ್‌ಗೆ ಒಪ್ಪಿಸಲಾಯಿತು.

ಟ್ರಸ್ಟೆಡ್‌ಇನ್‌ಸ್ಟಾಲರ್ ವ್ಯಕ್ತಿಯಲ್ಲ, ಲಾಗಿನ್ ಆಗಬಲ್ಲ ಖಾತೆಯೂ ಅಲ್ಲ. ವಿಂಡೋಸ್ ಅಪ್‌ಡೇಟ್‌ಗಳನ್ನು ಅಳವಡಿಸುವ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಎಂಬ ಸೇವೆಯ ಗುರುತು ಅದು. ಸಿಸ್ಟಮ್32 ಫೋಲ್ಡರಿನಲ್ಲಿರುವ ನೋಟ್‌ಪ್ಯಾಡ್ ಪ್ರೋಗ್ರಾಮಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಸೆಕ್ಯೂರಿಟಿ ಪುಟದಲ್ಲಿ ಅಡ್ವಾನ್ಸ್‌ಡ್ ಗುಂಡಿಯನ್ನು ಒತ್ತಿದರೆ ಇಡೀ ವ್ಯವಸ್ಥೆಯ ಚಿತ್ರ ಒಂದೇ ಕಿಟಕಿಯಲ್ಲಿ ಕಾಣುತ್ತದೆ: ಮಾಲೀಕನ ಜಾಗದಲ್ಲಿ ಟ್ರಸ್ಟೆಡ್‌ಇನ್‌ಸ್ಟಾಲರ್, ಪೂರ್ಣ ನಿಯಂತ್ರಣ ಅದಕ್ಕೊಂದಕ್ಕೇ, ಅಡ್ಮಿನಿಸ್ಟ್ರೇಟರುಗಳಿಗೆ, ಸಾಮಾನ್ಯ ಬಳಕೆದಾರರಿಗೆ, ಅಷ್ಟೇಕೆ ಸಿಸ್ಟಮ್ ಎಂಬ ಸರ್ವಾಧಿಕಾರದ ಖಾತೆಗೂ ಓದುವ ಮತ್ತು ನಡೆಸುವ ಅವಕಾಶವಷ್ಟೇ, ಕೊನೆಯಲ್ಲಿ ಆಲ್ ಅಪ್ಲಿಕೇಷನ್ ಪ್ಯಾಕೇಜಸ್ ಎಂಬ ಗುಂಪಿಗೆ ಮೀಸಲಾದ ಸಾಲು. ಈ ಕೊನೆಯ ಸಾಲು ಯಾರಿಗೂ ಮುಖ್ಯವೆನಿಸುವುದಿಲ್ಲ. ಆದರೆ ಸ್ಟೋರಿನಿಂದ ಬರುವ ಆಪ್‌ಗಳೂ ಸ್ಟಾರ್ಟ್ ಮೆನುವಿನಂಥ ವಿಂಡೋಸಿನ ಕೆಲವು ಅಂಗಗಳೂ ಕೈಕಾಲು ಕಟ್ಟಿದ ಒಂದು ಆವರಣದೊಳಗೆ ನಡೆಯುವಂಥವಾದ್ದರಿಂದ, ಆ ಸಾಲು ಅಳಿಸಿಹೋದಲ್ಲಿ ಅವು ತಮಗೆ ಬೇಕಾದ ಫೈಲುಗಳನ್ನು ಓದಲಾಗದೆ, ಯಾವ ಕಾರಣವನ್ನೂ ಹೇಳದೆ, ತೆರೆದುಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತವೆ.

ಇಷ್ಟಾದರೂ ಈ ಬೀಗ ಅಡ್ಮಿನಿಸ್ಟ್ರೇಟರ್ ಮುರಿಯಲಾರದ ಬೀಗವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಯಾವುದೇ ಫೈಲಿನ ಮಾಲೀಕತ್ವವನ್ನು ತನ್ನದಾಗಿಸಿಕೊಳ್ಳುವ ವಿಶೇಷಾಧಿಕಾರ ಅಡ್ಮಿನಿಸ್ಟ್ರೇಟರುಗಳ ಗುಂಪಿಗೆ ಇದ್ದೇ ಇದೆ, ಮಾಲೀಕನಾದ ಮೇಲೆ ಪಟ್ಟಿಯನ್ನು ತಿದ್ದಬಹುದು, ಪಟ್ಟಿಯನ್ನು ತಿದ್ದಿದ ಮೇಲೆ ಏನು ಬೇಕಾದರೂ ಮಾಡಬಹುದು. ಈ ಬಾಗಿಲು ಉದ್ದೇಶಪೂರ್ವಕವಾಗಿಯೇ ಉಳಿಸಿರುವಂಥದ್ದು, ಇಲ್ಲವಾದಲ್ಲಿ ಖಾತೆಯೊಂದು ಅಳಿದುಹೋದಾಗ ಅದರ ಫೈಲುಗಳೆಲ್ಲ ಅನಾಥವಾಗುತ್ತಿದ್ದವು. ಯಂತ್ರವನ್ನು ಪೆನ್‌ಡ್ರೈವಿನಲ್ಲಿರುವ ಲಿನಕ್ಸಿನಿಂದ ಚಾಲೂ ಮಾಡಿದರಂತೂ ವಿಂಡೋಸ್ ಬರೆದ ಪಟ್ಟಿಯನ್ನು ಪಾಲಿಸುವವರೇ ಇರುವುದಿಲ್ಲ. ಅಂಥ ಕೈಗಳಿಂದ ಕಾಪಾಡುವುದು ಅನುಮತಿಗಳಲ್ಲ, ಬಿಟ್‌ಲಾಕರ್‌ನಂಥ ಗೂಢಲಿಪೀಕರಣ. ಹಾಗಾದರೆ ವ್ಯವಸ್ಥೆಯ ಫೋಲ್ಡರುಗಳ ಕಾವಲು ಯಾರಿಂದ ಕಾಪಾಡುತ್ತದೆ ಎಂದರೆ, ಸಾಮಾನ್ಯ ಅಧಿಕಾರದಲ್ಲಿ ನಡೆಯುವ ದುಷ್ಟ ಪ್ರೋಗ್ರಾಮುಗಳಿಂದ, ಎಲ್ಲೆಂದರಲ್ಲಿ ಫೈಲು ಸುರಿಯುವ ಅಶಿಸ್ತಿನ ಇನ್‌ಸ್ಟಾಲರುಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಯಂತ್ರದ ಯಜಮಾನನ ಅವಸರದಿಂದ. ಬೇರೆ ವ್ಯವಸ್ಥೆಗಳೂ ಇದೇ ದಾರಿ ಹಿಡಿದಿವೆ. ಆ್ಯಪಲ್ 2015ರ ಎಲ್ ಕ್ಯಾಪಿಟನ್ ಆವೃತ್ತಿಯಿಂದ ಮ್ಯಾಕ್ ಕಂಪ್ಯೂಟರುಗಳಲ್ಲಿ ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್ ಎಂಬ ಹೆಸರಿನಲ್ಲಿ ಇನ್ನೂ ಬಿಗಿಯಾದ ಕಾವಲನ್ನು ಇರಿಸಿದೆ.

ನಿರಾಕರಿಸುವ ಫೋಲ್ಡರುಗಳೆಲ್ಲ ಒಂದೇ ಕಾರಣಕ್ಕೆ ನಿರಾಕರಿಸುವುದಿಲ್ಲ. ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಷನ್ ಎಂಬುದರೊಳಗೆ ಯಂತ್ರವನ್ನು ಹಿಂದಿನ ಸ್ಥಿತಿಗೆ ಒಯ್ಯುವ ರಿಸ್ಟೋರ್ ಪಾಯಿಂಟುಗಳು ಮುಂತಾದ ದಾಖಲೆಗಳಿರುವುದರಿಂದ ಅದು ಸಿಸ್ಟಮ್ ಖಾತೆಗಷ್ಟೇ ತೆರೆದಿರುತ್ತದೆ. ಪ್ರೋಗ್ರಾಮ್ ಫೈಲ್ಸ್ ಒಳಗಿನ ವಿಂಡೋಸ್‌ಆ್ಯಪ್ಸ್ ಸ್ಟೋರ್ ಆಪ್‌ಗಳ ನೆಲೆ. ಎಲ್ಲಕ್ಕಿಂತ ಹೆಚ್ಚು ತಪ್ಪುತಿಳಿವಳಿಕೆಗೆ ಒಳಗಾದದ್ದು ಸಿ ಡ್ರೈವಿನ ಬುಡದಲ್ಲಿಯೇ ಇರುವ ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್. ಮರೆಮಾಡಿದ ಫೈಲುಗಳನ್ನು ತೋರಿಸುವಂತೆ ಹೊಂದಿಸಿದಾಗ ಕಾಣಿಸಿಕೊಳ್ಳುವ ಇದು ಒತ್ತಿದರೆ ತೆರೆಯುವುದಿಲ್ಲ, ಮತ್ತು ಹೆಸರು ನೋಡಿದವರು ತಮ್ಮ ಕಡತಗಳೆಲ್ಲ ಅದರೊಳಗೆ ಸಿಕ್ಕಿಬಿದ್ದಿವೆ ಎಂದೇ ಗಾಬರಿಗೊಳ್ಳುತ್ತಾರೆ. ವಾಸ್ತವದಲ್ಲಿ ಅದು ಫೋಲ್ಡರೇ ಅಲ್ಲ. ಎಕ್ಸ್‌ಪಿ ಕಾಲದಲ್ಲಿ ಬಳಕೆದಾರರ ಕಡತಗಳೆಲ್ಲ ಆ ಹೆಸರಿನಡಿ ಇರುತ್ತಿದ್ದವು. ವಿಸ್ತಾದಲ್ಲಿ ಅವು ಯೂಸರ್ಸ್ ಫೋಲ್ಡರಿಗೆ ಸ್ಥಳಾಂತರಗೊಂಡವು. ಹಳೆಯ ವಿಳಾಸವನ್ನೇ ನಂಬಿಕೊಂಡಿರುವ ಪ್ರೋಗ್ರಾಮುಗಳು ದಾರಿ ತಪ್ಪದಿರಲೆಂದು ಹೊಸ ವಿಳಾಸಕ್ಕೆ ತಿರುಗಿಸುವ ಜಂಕ್ಷನ್ ಎಂಬ ಕೈಮರವೊಂದನ್ನು ಹಳೆಯ ಹೆಸರಿನಲ್ಲಿ ನೆಡಲಾಯಿತು. ಆ ಕೈಮರದ ಪಟ್ಟಿಯಲ್ಲಿ ಒಳಗಿನ ಹೆಸರುಗಳನ್ನು ಪಟ್ಟಿಮಾಡುವ ಹಕ್ಕನ್ನು ಎಲ್ಲರಿಗೂ ನಿರಾಕರಿಸುವ ಸಾಲೊಂದನ್ನು ಬೇಕೆಂದೇ ಬರೆಯಲಾಗಿದೆ, ಏಕೆಂದರೆ ಅದರ ಮೂಲಕ ಹಾದು ನಿಖರವಾದ ಒಂದು ಫೈಲನ್ನು ತಲುಪುವುದು ಕ್ಷೇಮ, ಅದರೊಳಗೆ ಇಣುಕಿ ಎಲ್ಲವನ್ನೂ ಎಣಿಸಲು ಹೊರಡುವುದು ಅಪಾಯ.

ಅಪಾಯ ಎಂಥದ್ದೆಂದರೆ, ಇಂಥದೇ ಇನ್ನೊಂದು ಕೈಮರ ಪ್ರತಿ ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರಿನ ಲೋಕಲ್ ಎಂಬ ಭಾಗದಲ್ಲಿ ಅಪ್ಲಿಕೇಷನ್ ಡೇಟಾ ಎಂಬ ಹೆಸರಿನಲ್ಲಿದ್ದು, ಅದು ಬೊಟ್ಟು ಮಾಡುವುದು ತಾನು ನಿಂತಿರುವ ಲೋಕಲ್ ಫೋಲ್ಡರಿಗೇ. ನಿರಾಕರಣೆಯ ಸಾಲನ್ನು ಕಿತ್ತುಹಾಕಿದರೆ ಬ್ಯಾಕಪ್ ತೆಗೆಯುವ ಹಳೆಯ ಪ್ರೋಗ್ರಾಮೊಂದು ಅದರೊಳಗೆ ಹೊಕ್ಕು, ಮತ್ತೆ ಅದೇ ಫೋಲ್ಡರನ್ನು ಕಂಡು, ಅದರೊಳಗಿನ ಅದೇ ಕೈಮರವನ್ನು ಮತ್ತೆ ಹೊಕ್ಕು, ವಿಳಾಸದ ಉದ್ದ ಮಿತಿಮೀರುವವರೆಗೆ ಅದೇ ಫೈಲುಗಳನ್ನು ಮತ್ತೆ ಮತ್ತೆ ನಕಲಿಸುತ್ತ ಹೋಗುತ್ತದೆ. ಇಲ್ಲಿ ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ದೋಷದ ಸೂಚನೆಯಲ್ಲ, ಎಲ್ಲವೂ ಸರಿಯಿದೆ ಎಂಬುದರ ಸೂಚನೆ; ಅದನ್ನು ತೆರೆಯುವಂತೆ ಮಾಡಿದವರು ಸರಿಯಿದ್ದುದನ್ನು ಕೆಡಿಸಿರುತ್ತಾರೆ.

ಜನ ಅನುಮತಿಗಳಿಗೆ ಕೈಹಾಕುವ ಸಂದರ್ಭಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಆ ಅಗತ್ಯವೇ ಇಲ್ಲದಿರುವುದು ಕಂಡುಬರುತ್ತದೆ. ಜಾಲತಾಣಗಳ ವಿಳಾಸಗಳನ್ನು ತಿದ್ದಲು ಬಳಸುವ ಹೋಸ್ಟ್ಸ್ ಎಂಬ ಫೈಲನ್ನು ಉಳಿಸಲಾಗುತ್ತಿಲ್ಲವೆಂದು ಇಡೀ ಡ್ರೈವರ್ಸ್ ಫೋಲ್ಡರಿನ ಮಾಲೀಕತ್ವವನ್ನು ಪಡೆಯುವವರಿದ್ದಾರೆ; ನೋಟ್‌ಪ್ಯಾಡನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ತೆರೆದು ಆ ಫೈಲನ್ನು ಅದರೊಳಗಿನಿಂದ ತೆರೆದರೆ ಸಾಕು, ಅನುಮತಿಯ ಒಂದಕ್ಷರವನ್ನೂ ಬದಲಿಸಬೇಕಿಲ್ಲ. ಕನ್ನಡದ ಫಾಂಟುಗಳನ್ನು ಸೇರಿಸಲು ಫಾಂಟ್ಸ್ ಫೋಲ್ಡರಿನ ಅನುಮತಿ ಬದಲಿಸಬೇಕೆಂಬ ಭ್ರಮೆಯೂ ಇದೆ. 2018ರ ಅಕ್ಟೋಬರ್ ಆವೃತ್ತಿಯ ವಿಂಡೋಸ್ 10ರಿಂದ ಈಚೆಗೆ ಫಾಂಟಿನ ಮೇಲೆ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಎಂದರೆ ಅದು ಆ ಬಳಕೆದಾರನ ಸ್ವಂತ ಜಾಗದಲ್ಲಿಯೇ ಕೂರುತ್ತದೆ, ಅಡ್ಮಿನಿಸ್ಟ್ರೇಟರ್ ಒಪ್ಪಿಗೆ ಬೇಕಾಗುವುದು ಎಲ್ಲ ಬಳಕೆದಾರರಿಗೂ ಸೇರಿಸುವಾಗ ಮಾತ್ರ. ಹದಿನೈದಿಪ್ಪತ್ತು ವರ್ಷ ಹಳೆಯ ಲೆಕ್ಕಪತ್ರದ ಪ್ರೋಗ್ರಾಮೊಂದು ತನ್ನ ದತ್ತಾಂಶವನ್ನು ಪ್ರೋಗ್ರಾಮ್ ಫೈಲ್ಸ್ ಒಳಗೇ ಬರೆಯಲು ಹೊರಟು ಸೋಲುತ್ತಿದ್ದರೆ, ಅದನ್ನು ಸಿ ಡ್ರೈವಿನಲ್ಲಿ ಬೇರೊಂದು ಫೋಲ್ಡರಿಗೆ ಅಳವಡಿಸುವುದು ಅಥವಾ ಅದರ ದತ್ತಾಂಶದ ಒಂದೇ ಒಂದು ಉಪಫೋಲ್ಡರಿಗೆ ಬಳಕೆದಾರರ ಗುಂಪಿಗೆ ಮಾಡಿಫೈ ಅನುಮತಿ ಕೊಡುವುದು ಸರಿಯಾದ ಕ್ರಮ. ಡಿಸ್ಕಿನ ಜಾಗ ಉಳಿಸಲೆಂದು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನು ಅಳಿಸಲು ಹೊರಡುವುದಂತೂ ಇವೆಲ್ಲಕ್ಕಿಂತ ದುಬಾರಿಯಾದ ತಪ್ಪು, ಅದರ ಕಾರಣವನ್ನು ಮುಂದೆ ನೋಡಬಹುದು.

ರೂಢಿಯಲ್ಲಿರುವ ವಿಧಾನ ಇದು: ಟೇಕ್‌ಓನ್ ಎಂಬ ಆದೇಶದಿಂದ ಫೋಲ್ಡರಿನ ಹಾಗೂ ಅದರೊಳಗಿನ ಎಲ್ಲದರ ಮಾಲೀಕತ್ವವನ್ನು ಪಡೆಯುವುದು, ಬಳಿಕ ಐಕ್ಯಾಕ್ಲ್ಸ್ ಎಂಬ ಆದೇಶದಿಂದ ಎವ್ರಿಒನ್ ಗುಂಪಿಗೆ ಪೂರ್ಣ ನಿಯಂತ್ರಣ ಕೊಡುವುದು. ಇವೆರಡನ್ನೂ ಸೇರಿಸಿ ಬಲಗುಂಡಿಯ ಮೆನುವಿಗೆ ಒಂದು ಸಾಲಾಗಿ ಜೋಡಿಸುವ ಪುಟ್ಟ ಉಪಾಯಗಳೂ ಪ್ರಚಲಿತವಾಗಿವೆ, ಅವು ಸಿಗುವ ಸುಲಭತೆಯೇ ಅವುಗಳ ಕೇಡು. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಎಂಬ ಸುಲಿಗೆ ಪ್ರೋಗ್ರಾಮು ಯಂತ್ರವನ್ನು ಹೊಕ್ಕ ಕೂಡಲೇ ಮಾಡುತ್ತಿದ್ದ ಕೆಲಸಗಳಲ್ಲಿ ಒಂದು, ಇದೇ ಐಕ್ಯಾಕ್ಲ್ಸ್ ಆದೇಶವನ್ನು ಓಡಿಸಿ ತಾನಿದ್ದ ಫೋಲ್ಡರು ಮತ್ತು ಅದರ ಒಳಗಿನ ಎಲ್ಲದಕ್ಕೂ ಎವ್ರಿಒನ್ ಗುಂಪಿಗೆ ಪೂರ್ಣ ನಿಯಂತ್ರಣ ಕೊಡುವುದಾಗಿತ್ತು. ದರೋಡೆಗೆ ಬಂದವನು ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ಏರ್ಪಾಡನ್ನು ಯಜಮಾನನೇ ಮುಂಚಿತವಾಗಿ ಮಾಡಿಡುವುದು ದುಃಖದ ಸಂಗತಿ.

ಆದರೆ ಭದ್ರತೆ ಸಡಿಲಗೊಳ್ಳುವುದಕ್ಕಿಂತಲೂ ದೊಡ್ಡ ನಷ್ಟ ಬೇರೊಂದಿದೆ. ವಿಂಡೋಸ್ ಫೋಲ್ಡರಿನೊಳಗಿನ ಫೈಲುಗಳ ಅನುಮತಿ ಪಟ್ಟಿಗಳು ಒಂದೇ ಅಚ್ಚಿನವಲ್ಲ. ಕೆಲವು ಮೇಲಿನಿಂದ ಇಳಿದುಬಂದವು, ಬಹಳಷ್ಟು ಆಯಾ ಫೈಲಿಗೆಂದೇ ಬರೆದವು, ಇನ್ನು ಕೆಲವು ಲೋಕಲ್ ಸರ್ವಿಸ್, ನೆಟ್‌ವರ್ಕ್ ಸರ್ವಿಸ್ ಮುಂತಾದ ಒಳಗಿನ ಖಾತೆಗಳಿಗೆ ಅಳೆದು ತೂಗಿ ಕೊಟ್ಟ ಚಿಕ್ಕಪುಟ್ಟ ಹಕ್ಕುಗಳುಳ್ಳವು. ಪ್ರತಿಯೊಂದು ಸಾಲಿನ ಹಿಂದೆಯೂ ಯಾರೋ ಒಬ್ಬ ಎಂಜಿನಿಯರ್ ಯೋಚಿಸಿ ಕೈಗೊಂಡ ನಿರ್ಧಾರವೊಂದಿದೆ, ಮತ್ತು ಆ ಯಂತ್ರದಲ್ಲಿ ಆ ನಿರ್ಧಾರ ಜಾರಿಯಲ್ಲಿರುವುದು ಆ ಸಾಲಿನ ಬಲದಿಂದಲೇ. ಅಡ್ವಾನ್ಸ್‌ಡ್ ಕಿಟಕಿಯ ಅಡಿಯಲ್ಲಿ, ಒಳಗಿನ ಎಲ್ಲ ವಸ್ತುಗಳ ಅನುಮತಿಗಳನ್ನೂ ಈ ಫೋಲ್ಡರಿನವುಗಳಿಂದ ಬದಲಿಸು ಎಂಬರ್ಥದ ಚೌಕವೊಂದಿದೆ. ಅದಕ್ಕೆ ಗುರುತು ಹಾಕಿ ಸರಿ ಎಂದ ಕ್ಷಣದಲ್ಲಿ ಸಾವಿರಾರು ಪಟ್ಟಿಗಳು ಒಟ್ಟಿಗೆ ಅಳಿದು ಒಂದೇ ಪಟ್ಟಿಯ ಪ್ರತಿಗಳಾಗುತ್ತವೆ. ಹಿಂದಕ್ಕೆ ಒಯ್ಯುವ ಗುಂಡಿ ಅಲ್ಲಿಲ್ಲ. ಐಕ್ಯಾಕ್ಲ್ಸ್ ಆದೇಶದ ರಿಸೆಟ್ ಎಂಬ ಆಯ್ಕೆ ಹೆಸರಿಗೆ ಆಶ್ವಾಸನೆ ಕೊಡುವಂತಿದ್ದರೂ, ಅದು ಮಾಡುವುದು ಮೇಲಿನ ಫೋಲ್ಡರಿನಿಂದ ಇಳಿದುಬರುವ ಅನುಮತಿಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಅಳಿಸುವ ಕೆಲಸವನ್ನು. ಫೈಲಿಗೆಂದೇ ಬರೆದಿದ್ದ ಸಾಲುಗಳು ಏನಿದ್ದವೆಂಬುದು ಅದಕ್ಕೂ ತಿಳಿಯದು.

ವಿನ್‌ಎಸ್‌ಎಕ್ಸ್‌ಎಸ್ ವಿಷಯ ಇಲ್ಲಿಯೇ ಬರುತ್ತದೆ. ಸಿಸ್ಟಮ್32 ಫೋಲ್ಡರಿನಲ್ಲಿ ಕಾಣುವ ಬಹುಪಾಲು ಫೈಲುಗಳು ವಾಸ್ತವವಾಗಿ ವಿನ್‌ಎಸ್‌ಎಕ್ಸ್‌ಎಸ್ ಭಂಡಾರದಲ್ಲಿರುವ ಫೈಲುಗಳ ಬೇರೆ ಹೆಸರುಗಳಷ್ಟೇ. ಹಾರ್ಡ್‌ಲಿಂಕ್ ಎನ್ನುವ ಈ ಏರ್ಪಾಡಿನಲ್ಲಿ ಡಿಸ್ಕಿನ ಮೇಲೆ ದತ್ತಾಂಶ ಒಂದೇ, ಅದನ್ನು ತಲುಪುವ ವಿಳಾಸಗಳು ಎರಡು ಅಥವಾ ಹೆಚ್ಚು. ಫೋಲ್ಡರಿನ ಗಾತ್ರವನ್ನು ಎಣಿಸುವಾಗ ಅದೇ ಜಾಗ ಎರಡೆರಡು ಸಲ ಲೆಕ್ಕಕ್ಕೆ ಬರುವುದರಿಂದ ವಿನ್‌ಎಸ್‌ಎಕ್ಸ್‌ಎಸ್ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅನುಮತಿ ಪಟ್ಟಿ ಅಂಟಿಕೊಂಡಿರುವುದು ವಿಳಾಸಕ್ಕಲ್ಲ, ಫೈಲಿಗೆ. ಆದ್ದರಿಂದ ಸಿಸ್ಟಮ್32ರಲ್ಲಿ ಮಾಡಿದ ಬದಲಾವಣೆ ಆ ಕ್ಷಣವೇ ಭಂಡಾರದಲ್ಲಿಯೂ ಆಗಿರುತ್ತದೆ, ಮತ್ತು ಯಂತ್ರ ಕೆಟ್ಟಾಗ ದುರಸ್ತಿಗೆ ಆಧಾರವಾಗಬೇಕಾದ ಮೂಲಪ್ರತಿಯೇ ಕಾವಲಿಲ್ಲದಂತಾಗಿರುತ್ತದೆ.

ಒಂದು ಸಾಲು ಎಷ್ಟು ಭಾರವನ್ನು ಹೊರಬಲ್ಲದೆಂಬುದಕ್ಕೆ ಮೈಕ್ರೋಸಾಫ್ಟಿನ ಕೈಯಿಂದಲೇ ಆದ ತಪ್ಪೊಂದು ಸಾಕ್ಷಿ. 2021ರ ಜುಲೈಯಲ್ಲಿ ಭದ್ರತಾ ಸಂಶೋಧಕರು ಕಂಡುಕೊಂಡಂತೆ, ವಿಂಡೋಸ್ 10ರ 1809ನೇ ಆವೃತ್ತಿಯಿಂದ ಮುಂದಿನ ಯಂತ್ರಗಳಲ್ಲಿ ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರಿನ ಸ್ಯಾಮ್ ಮೊದಲಾದ ಫೈಲುಗಳಿಗೆ ಸಾಮಾನ್ಯ ಬಳಕೆದಾರರ ಗುಂಪಿಗೂ ಓದುವ ಅನುಮತಿ ಇತ್ತು. ಸ್ಯಾಮ್ ಎಂಬುದು ಯಂತ್ರದಲ್ಲಿನ ಖಾತೆಗಳ ಪಾಸ್‌ವರ್ಡುಗಳನ್ನು ಹ್ಯಾಷ್ ಎಂಬ ಅರೆದ ರೂಪದಲ್ಲಿ ಕಾಯ್ದಿಡುವ ದಾಖಲೆ. ವಿಂಡೋಸ್ ನಡೆಯುತ್ತಿರುವಾಗ ಆ ಫೈಲು ಬಳಕೆಯಲ್ಲಿರುವುದರಿಂದ ನೇರವಾಗಿ ಓದಲು ಬರುತ್ತಿರಲಿಲ್ಲವಾದರೂ, ರಿಸ್ಟೋರ್ ಪಾಯಿಂಟುಗಳ ಜೊತೆ ತಯಾರಾಗುವ ಷ್ಯಾಡೋ ಕಾಪಿ ಎಂಬ ಹಳೆಯ ಪ್ರತಿಗಳಲ್ಲಿ ಅದನ್ನು ಓದಿ, ಸಾಮಾನ್ಯ ಬಳಕೆದಾರನೊಬ್ಬ ಅಡ್ಮಿನಿಸ್ಟ್ರೇಟರನ ಅಧಿಕಾರಕ್ಕೆ ಏರಲು ದಾರಿಯಿತ್ತು. ಪರಿಹಾರವಾಗಿ ಬಂದ ಅಪ್‌ಡೇಟ್ ಪಟ್ಟಿಯನ್ನು ಸರಿಪಡಿಸಿತು. ಆದರೆ ಹಳೆಯ ಷ್ಯಾಡೋ ಕಾಪಿಗಳೊಳಗೆ ಹಳೆಯ ಪಟ್ಟಿಯೇ ಉಳಿದಿರುವುದರಿಂದ ಅವುಗಳನ್ನು ಬಳಕೆದಾರರೇ ಅಳಿಸಬೇಕಾಯಿತು. ಬರೆಯುವ ಹಕ್ಕಲ್ಲ, ಅಳಿಸುವ ಹಕ್ಕಲ್ಲ, ಬರಿಯ ಓದುವ ಹಕ್ಕಿನ ಒಂದು ಸಾಲಿನ ಕಥೆಯಿದು. ಎವ್ರಿಒನ್ ಗುಂಪಿಗೆ ಪೂರ್ಣ ನಿಯಂತ್ರಣ ಕೊಟ್ಟ ಸಿಸ್ಟಮ್32ರ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

2025ರ ಏಪ್ರಿಲ್ ತಿಂಗಳ ಅಪ್‌ಡೇಟ್ ಬಂದಾಗ ಅನೇಕರ ಸಿ ಡ್ರೈವಿನಲ್ಲಿ ಐನೆಟ್‌ಪಬ್ ಎಂಬ ಖಾಲಿ ಫೋಲ್ಡರೊಂದು ಕಾಣಿಸಿಕೊಂಡದ್ದು ಇದರ ಇನ್ನೊಂದು ಮುಖ. ಮೈಕ್ರೋಸಾಫ್ಟಿನ ವೆಬ್ ಸರ್ವರನ್ನು ಎಂದೂ ಬಳಸದವರು ಅದನ್ನು ಕಸವೆಂದು ಬಗೆದು ಅಳಿಸಿದರು. ಅದು ಭದ್ರತಾ ದೋಷವೊಂದರ ಪರಿಹಾರದ ಭಾಗವಾಗಿದ್ದು, ಖಾಲಿಯಿದ್ದರೂ ನಿರ್ದಿಷ್ಟ ಮಾಲೀಕತ್ವ ಮತ್ತು ಅನುಮತಿಗಳೊಂದಿಗೆ ಅಲ್ಲಿ ಇರಬೇಕಾದದ್ದೇ ಅದರ ಉಪಯೋಗವಾಗಿತ್ತು. ಅದೇ ಹೆಸರಿನ ಫೋಲ್ಡರನ್ನು ಕೈಯಾರೆ ಸೃಷ್ಟಿಸಿದರೆ ಹೆಸರು ಮಾತ್ರ ಬರುತ್ತಿತ್ತು, ಕಾವಲು ಬರುತ್ತಿರಲಿಲ್ಲ. ಅಳಿಸಿದವರು ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಆ ವೆಬ್ ಸರ್ವರನ್ನು ಆನ್ ಮಾಡಿ ಫೋಲ್ಡರನ್ನು ಮರಳಿ ಪಡೆಯಬೇಕೆಂದು ಮೈಕ್ರೋಸಾಫ್ಟ್ ತಿಳಿಸಿತು, ಸರಿಯಾದ ಅನುಮತಿಗಳನ್ನು ಬರೆಯುವ ಸ್ಕ್ರಿಪ್ಟೊಂದನ್ನೂ ಬಳಿಕ ಒದಗಿಸಿತು.

ಅನುಮತಿಗಳನ್ನು ಬದಲಿಸುವುದು ನಿಜಕ್ಕೂ ಸರಿಯಾಗಿರುವ ಸಂದರ್ಭವೂ ಮನೆಗಳಲ್ಲಿ ಬರುತ್ತದೆ, ಅದರಲ್ಲಿ ಮುಖ್ಯವಾದುದು ಹಳೆಯ ಡಿಸ್ಕಿನದು. ಕೆಟ್ಟುಹೋದ ಕಂಪ್ಯೂಟರಿನ ಡಿಸ್ಕನ್ನು ಹೊಸದಕ್ಕೆ ಜೋಡಿಸಿದಾಗ ಮಕ್ಕಳ ಫೋಟೋಗಳಿರುವ ಬಳಕೆದಾರ ಫೋಲ್ಡರು ತೆರೆಯುವುದಿಲ್ಲ; ಅದರ ಪಟ್ಟಿಯಲ್ಲಿ ಹೆಸರಿನ ಬದಲು ಎಸ್-1-5-21 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯೂ ಅಕೌಂಟ್ ಅನ್‌ನೋನ್ ಎಂಬ ಮಾತೂ ಕಾಣುತ್ತವೆ, ಏಕೆಂದರೆ ಹೆಸರು ಒಂದೇ ಆಗಿದ್ದರೂ ಹಳೆಯ ಯಂತ್ರದ ಖಾತೆಯ ಎಸ್‌ಐಡಿ ಹೊಸ ಯಂತ್ರಕ್ಕೆ ಗೊತ್ತಿಲ್ಲ. ಆ ಖಾತೆ ಇನ್ನೆಂದೂ ಲಾಗಿನ್ ಆಗದಿರುವುದರಿಂದ ಇಲ್ಲಿ ಮಾಲೀಕತ್ವವನ್ನು ಪಡೆಯುವುದು ನ್ಯಾಯವಾದ ಕ್ರಮ, ಮಾಲೀಕತ್ವ ಪಡೆಯುವ ವಿಶೇಷಾಧಿಕಾರ ಇರುವುದೂ ಇಂಥ ಹೊತ್ತಿಗಾಗಿಯೇ. ಇಲ್ಲಿಯೂ ಬೇಕಾದ ಬಳಕೆದಾರ ಫೋಲ್ಡರೊಂದನ್ನೇ ಹಿಡಿದು, ಬೇಕಾದ ಫೈಲುಗಳನ್ನು ಹೊಸ ಯಂತ್ರಕ್ಕೆ ನಕಲಿಸಿಕೊಳ್ಳುವುದು ಲೇಸು. ನಕಲಾದ ಫೈಲು ತಾನು ಸೇರಿದ ಹೊಸ ಫೋಲ್ಡರಿನ ಅನುಮತಿಗಳನ್ನೇ ಪಡೆಯುವುದರಿಂದ ಹಳೆಯ ತೊಡಕು ಅದರೊಂದಿಗೆ ಬರುವುದಿಲ್ಲ. ಡಿಸ್ಕು ಬಿಟ್‌ಲಾಕರ್‌ನಿಂದ ಗೂಢವಾಗಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಇಲ್ಲದೆ ಮಾಲೀಕತ್ವ ಪಡೆದೂ ಫಲವಿಲ್ಲ.

ಚಾಲ್ತಿಯಲ್ಲಿರುವ ವಿಂಡೋಸಿನ ಕಾವಲಿನ ಫೈಲೊಂದನ್ನು ತಿದ್ದಲೇಬೇಕಾದ ಅಪರೂಪದ ಸಂದರ್ಭ ಬಂದರೆ, ಮೊದಲು ಇರುವ ಪಟ್ಟಿಯನ್ನು ಉಳಿಸಿಟ್ಟುಕೊಳ್ಳಬೇಕು. ಐಕ್ಯಾಕ್ಲ್ಸ್ ಆದೇಶಕ್ಕೆ ಸೇವ್ ಎಂಬ ಆಯ್ಕೆಯಿದ್ದು, ಅದು ಫೋಲ್ಡರಿನೊಳಗಿನ ಪ್ರತಿ ವಸ್ತುವಿನ ಪಟ್ಟಿಯನ್ನೂ ಒಂದು ಪಠ್ಯ ಫೈಲಿಗೆ ಬರೆದಿಡುತ್ತದೆ. ಎಸ್‌ವೈ ಎಂದರೆ ಸಿಸ್ಟಮ್, ಬಿಎ ಎಂದರೆ ಅಡ್ಮಿನಿಸ್ಟ್ರೇಟರುಗಳು, ಎಫ್‌ಎ ಎಂದರೆ ಪೂರ್ಣ ನಿಯಂತ್ರಣ ಎಂಬಂಥ ಸಂಕೇತಗಳ ಆ ಫೈಲನ್ನು ಕೈಯಾರೆ ತಿದ್ದದೆ ಹಾಗೆಯೇ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ರಿಸ್ಟೋರ್ ಆಯ್ಕೆಯಿಂದ ಅದನ್ನು ಮರಳಿ ಹಚ್ಚುವಾಗ, ಉಳಿಸಿದ ಫೋಲ್ಡರಿನ ಮೇಲಲ್ಲ, ಅದರ ಮೇಲಿನ ಫೋಲ್ಡರಿನ ಮೇಲೆ ಆದೇಶವನ್ನು ಓಡಿಸಬೇಕು, ಏಕೆಂದರೆ ಫೈಲಿನೊಳಗೆ ಹೆಸರುಗಳು ಅಲ್ಲಿಂದ ಲೆಕ್ಕಹಾಕಿ ಬರೆಯಲ್ಪಟ್ಟಿರುತ್ತವೆ. ಹೀಗೆ ಉಳಿಯುವುದು ಅನುಮತಿ ಪಟ್ಟಿ ಮಾತ್ರ, ಮಾಲೀಕನ ಹೆಸರಲ್ಲ. ಅದನ್ನು ಸೆಟ್‌ಓನರ್ ಎಂಬ ಆಯ್ಕೆಯಿಂದ ಎನ್‌ಟಿ ಸರ್ವಿಸ್ ಎಂಬ ಮುನ್ನುಡಿ ಸೇರಿಸಿದ ಟ್ರಸ್ಟೆಡ್‌ಇನ್‌ಸ್ಟಾಲರ್ ಹೆಸರಿಗೆ ಬೇರೆಯಾಗಿಯೇ ಹಿಂತಿರುಗಿಸಬೇಕಾಗುತ್ತದೆ. ಹಕ್ಕು ಕೊಡುವಾಗಲೂ ಎವ್ರಿಒನ್ ಬದಲು ಅಡ್ಮಿನಿಸ್ಟ್ರೇಟರುಗಳಿಗೆ, ಫೋಲ್ಡರಿನ ಬದಲು ಒಂದು ಫೈಲಿಗೆ ಕೊಟ್ಟರೆ ಹಿಂತಿರುಗಿಸುವುದು ಸುಲಭ. ಎವ್ರಿಒನ್ ಗುಂಪಿಗೆ ನಿರಾಕರಣೆ ಬರೆಯುವ ಸಾಹಸವನ್ನಂತೂ ಮಾಡಬಾರದು, ಎಲ್ಲರೊಳಗೆ ಅಡ್ಮಿನಿಸ್ಟ್ರೇಟರೂ ವ್ಯವಸ್ಥೆಯೂ ಸೇರಿರುತ್ತವೆ.

ಉಳಿಸಿಟ್ಟುಕೊಳ್ಳದೆಯೇ ಎಲ್ಲವನ್ನೂ ಬದಲಿಸಿಬಿಟ್ಟಿರುವ ಯಂತ್ರಗಳಿಗೆ ಇರುವ ದಾರಿಗಳು ಕಡಿಮೆ. ಎಸ್‌ಎಫ್‌ಸಿ ಮತ್ತು ಡಿಸ್ಮ್ ಎಂಬ ದುರಸ್ತಿ ಆದೇಶಗಳು ವ್ಯವಸ್ಥೆಯ ಫೈಲುಗಳು ಕೆಟ್ಟಿದ್ದರೆ ಅವುಗಳ ಒಳಗಿನದನ್ನು ಸರಿಪಡಿಸಲು ಸಮರ್ಥವಾದರೂ, ಚೆಲ್ಲಾಪಿಲ್ಲಿಯಾದ ಅನುಮತಿಗಳನ್ನೆಲ್ಲ ಮೂಲಸ್ಥಿತಿಗೆ ತರುವುದನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ. ನೆಚ್ಚಬಹುದಾದದ್ದು ವಿಂಡೋಸನ್ನು ಅದರ ಮೇಲೆಯೇ ಮತ್ತೆ ಅಳವಡಿಸುವುದು: ಅದೇ ಆವೃತ್ತಿಯ ಇನ್‌ಸ್ಟಾಲೇಷನ್ ಪ್ರತಿಯನ್ನು ಚಾಲ್ತಿಯಲ್ಲಿರುವ ವಿಂಡೋಸಿನೊಳಗಿನಿಂದಲೇ ತೆರೆದು, ಸ್ವಂತ ಫೈಲುಗಳನ್ನೂ ಆಪ್‌ಗಳನ್ನೂ ಉಳಿಸಿಕೋ ಎಂದು ಆರಿಸಿದರೆ, ಹೊಸ ವಿಂಡೋಸ್ ಫೋಲ್ಡರೊಂದು ಹೊಸ ಪಟ್ಟಿಗಳೊಂದಿಗೆ ಹಳೆಯದರ ಜಾಗದಲ್ಲಿ ಬರುತ್ತದೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂಬ ದಾರಿಯಲ್ಲಿ ಹೋದರೆ ವಿಂಡೋಸ್ ಅಪ್‌ಡೇಟ್ ಮೂಲಕವೇ ಇದನ್ನು ಮಾಡುವ ಗುಂಡಿಯೂ ಇದೆ. ಆರಂಭಿಸುವ ಮುನ್ನ ಬೇಕಾದ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಂಡು ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು. ಕೆಲಸ ಮುಗಿಯಲು ಗಂಟೆಗಟ್ಟಲೆ ಹಿಡಿಯಬಹುದಾದ್ದರಿಂದ ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರಿಗೆ ಜೋಡಿಸಿಯೇ ಇರಬೇಕು.